ಹೊತ್ತು ಮುಳುಗುವಾಗ ಯಾರು ಎಲ್ಲಿ ಕೂರಬೇಕು?

ಗೋವೆಯ ಕಡಲತಡಿಯ ಒಂದು ರೆಸಾರ್ಟು. ಹೆಸರು ಬೇಡ, ನಮ್ಮಣ್ಣ ಇನ್ನೂ ಅಲ್ಲೇ ಪಾತ್ರೆ ತೊಳೆಯುತ್ತಿದ್ದಾನೆ. ಬಿ.ಎ. ಕಡೆಯ ವರ್ಷದ ರಜೆಯಲ್ಲಿ ನಾನೂ ಅಲ್ಲಿ ಎರಡು ತಿಂಗಳು ಎಂಜಲು ಲೋಟ ಎತ್ತಿದವನು. ಈ ಸಲ ಅಣ್ಣನನ್ನು ನೋಡಿಕೊಂಡು ಬರೋಣ ಅಂತ ಹೋದಾಗ ಮ್ಯಾನೇಜರು ಕರೆಸಿದರು. ನಾನು ಕವಿತೆ ಬರೆಯುತ್ತೇನೆ ಅನ್ನುವ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಕೈಗೊಂದು ಇಂಗ್ಲಿಷ್ ಹಾಳೆ ಕೊಟ್ಟರು. ಕರ್ನಾಟಕದಿಂದ ಬರುವ ಗಿರಾಕಿ ಹೆಚ್ಚಾಗಿದ್ದಾರೆ, ಇದನ್ನು ಚೆಂದವಾಗಿ ಕನ್ನಡದಲ್ಲಿ ಬರೆದುಕೊಡು, ಎರಡು ಸಾವಿರ ರೂಪಾಯಿ ಕೊಡುತ್ತೇನೆ ಅಂದರು. ಮುಂಗಡವಾಗಿ ಐನೂರು ಕೈಗಿಟ್ಟರು.

ಆ ಹಾಳೆಯ ತಲೆಬರಹ ಕನ್ನಡದಲ್ಲಿ ಹೀಗಾಗುತ್ತದೆ: ಸೂರ್ಯ ಮುಳುಗುವಾಗ ಕುಡಿಯಲು, ಆಮೇಲೆ ಉಣ್ಣಲು ನಿಮ್ಮ ಜಾಗ ಆರಿಸಿಕೊಳ್ಳಿ. ಕೆಳಗೆ ನಾಲ್ಕು ಜಾಗಗಳ ವರ್ಣನೆ. ಈಜುಕೊಳದ ದಂಡೆ, ಕಾಲು ನೀರಿನಲ್ಲಿ, ಲೋಟ ಕೈಯಲ್ಲಿ. ಮೇಲುಮಹಡಿಯ ಕಟ್ಟಿಗೆಯ ಅಟ್ಟ, ಅಲ್ಲಿಂದ ಇಡೀ ಪಡುಗಡಲು ಕಾಣುತ್ತದೆ. ಉಸುಕಿನ ಮೇಲೆ ಸೋಗೆಯ ಚಪ್ಪರ, ಒರಗಲು ದಿಂಬು. ಕಡೆಯದು ಇಬ್ಬರಿಗೆ ಮಾತ್ರ: ಅಲೆಯ ಪಕ್ಕದಲ್ಲೇ ಒಂದು ಟೇಬಲ್, ಸುತ್ತ ದೀಪ, ದೀಪದ ಸುತ್ತ ಹಗ್ಗ. ಹಗ್ಗ ಯಾಕೆ ಅಂತ ಹಾಳೆ ಹೇಳುವುದಿಲ್ಲ. ನನಗೆ ಗೊತ್ತು. ಎರಡು ತಿಂಗಳು ಆ ಹಗ್ಗ ಕಟ್ಟಿದ ಕೈ ಇದು.

ಹಾಳೆ ಹಿಡಿದು ಅಣ್ಣನ ಖೋಲಿಗೆ ಬಂದೆ. ಎಂಟು ಮಂದಿಯ ಖೋಲಿ. ಇರುವ ಒಂದು ಕಿಟಕಿ ಪೂರ್ವಕ್ಕೆ, ಜನರೇಟರಿನ ಕಡೆಗೆ. ಪಡುವಣಕ್ಕೆ ಗೋಡೆ. ಅಲೆಯ ಸಪ್ಪಳ ಕೇಳುತ್ತದೆ, ಕಡಲು ಕಾಣುವುದಿಲ್ಲ. ಅಲ್ಲಿ ಕೂತು ಬರೆಯಲು ಶುರುಮಾಡಿದೆ. ತಲೆಬರಹದ ಕಡೆಯ ಪದದಲ್ಲೇ ಪೆನ್ನು ನಿಂತಿತು.

ಆರಿಸಿಕೊಳ್ಳಿ.

ಗೆಳೆಯರೇ, ಈ ಪದ ನಮ್ಮ ಕೇರಿಗೆ ಎಂದಾದರೂ ಬಂದಿತ್ತೇ? ನಮ್ಮೂರು ಗದಗಿನ ಕಡೆ. ಅಪ್ಪ ಹುಡುಗನಾಗಿದ್ದಾಗ ಊರ ಚಾದಂಗಡಿಯ ಹೊರಗೋಡೆಯ ಮಾಡದಲ್ಲಿ ಕಿವಿ ಮುರಿದ ಎರಡು ಕಪ್ಪು ಇರುತ್ತಿದ್ದವಂತೆ. ನಮ್ಮವರು ಹೋಗಬೇಕು, ಆ ಕಪ್ಪು ತಗೊಂಡು ಅಂಗಳದಲ್ಲಿ ನಿಲ್ಲಬೇಕು, ಮೇಲಿನಿಂದ ಸುರಿದ ಚಾ ಹಿಡಿಯಬೇಕು, ಕುಂಡಿಗಾಲಲ್ಲಿ ಕೂತು ಕುಡಿಯಬೇಕು, ತಾವೇ ತೊಳೆದು ತಿರುಗಿ ಮಾಡದಲ್ಲಿಡಬೇಕು. ಎಲ್ಲಿ ಕೂರಬೇಕು, ಯಾವುದರಲ್ಲಿ ಕುಡಿಯಬೇಕು ಅನ್ನುವುದನ್ನು ಊರು ಮೊದಲೇ ಆರಿಸಿಟ್ಟಿತ್ತು. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಕಾಲ ಬದಲಾಗಿತ್ತು ಅನ್ನುತ್ತಾರೆ. ಹೌದು, ಬದಲಾಗಿತ್ತು. ಗೌಡರ ಹುಡುಗರಿಗೆ ಸ್ಟೀಲಿನ ಲೋಟ, ನಮಗೆ ಕುಡಿದು ಬಿಸಾಡುವ ಪ್ಲಾಸ್ಟಿಕ್ ಕಪ್ಪು. ಕೇಳಿದರೆ ಅಂಗಡಿಯವನು, ‘ಸ್ವಚ್ಛತಾ ಐತ್ಯಪಾ, ನಿನಗ ಹೊಸಾದು ಕೊಡಾಕತ್ತೀನಿ’ ಅನ್ನುತ್ತಿದ್ದ. ಅಸ್ಪೃಶ್ಯತೆಗೂ ಆರೋಗ್ಯ ಇಲಾಖೆಯ ಭಾಷೆ ಬಂದುಬಿಟ್ಟಿತ್ತು!

ಮಾಡದ ಕಪ್ಪು ತೊಳೆದ ಅಪ್ಪನ ಮಗ ರೆಸಾರ್ಟಿನ ಗಾಜಿನ ಲೋಟ ತೊಳೆದ. ಅಪ್ಪ ತನ್ನ ಎಂಜಲನ್ನಷ್ಟೇ ತೊಳೆಯುತ್ತಿದ್ದ. ಮಗ ಊರ ಎಂಜಲನ್ನೆಲ್ಲ ತೊಳೆದ. ಇದಕ್ಕೆ ಪ್ರಗತಿ ಅಂತ ಹೆಸರು.

ಈಗ ಹೊತ್ತು ಮುಳುಗುವ ಮಾತಿಗೆ ಬರೋಣ. ನಮ್ಮ ಸಾಹಿತ್ಯದಲ್ಲಿ ಸೂರ್ಯ ಎಷ್ಟು ಸಲ ಮುಳುಗಿದ್ದಾನೆ ಲೆಕ್ಕವಿಲ್ಲ. ನವೋದಯದವರಿಗೆ ಅವನು ಪ್ರಕೃತಿಮಾತೆಯ ಹಣೆಯ ಕುಂಕುಮ. ನವ್ಯದವರಿಗೆ ಅನಾಥಪ್ರಜ್ಞೆಯ ಕೆಂಪು ಗಾಯ. ನಮ್ಮವ್ವನಿಗೆ? ನಮ್ಮವ್ವನಿಗೆ ಅದು ಕೂಲಿ ಕೊಡುವ ಹೊತ್ತು. ಬಗ್ಗಿದ ನಡು ನೆಟ್ಟಗೆ ಮಾಡಿ, ಸೆರಗಿನಲ್ಲಿ ಮಾರಿ ಒರೆಸಿಕೊಂಡು, ಕೊಡುವವನ ಕೈಯನ್ನೇ ನೋಡುತ್ತ ನಿಲ್ಲುವ ಹೊತ್ತು. ಆಗ ಆಕಾಶದ ಬಣ್ಣ ಯಾವುದಿತ್ತು ಅಂತ ಅವ್ವನನ್ನು ಕೇಳಿದರೆ ನಗುತ್ತಾಳೆ.

ಈ ಹೊತ್ತಿಗೆ ಇನ್ನೊಂದು ಚರಿತ್ರೆಯೂ ಇದೆ. ಪೇಶ್ವೆಗಳ ಪುಣೆಯಲ್ಲಿ ಮಹಾರ, ಮಾಂಗ ಜನ ಮಧ್ಯಾಹ್ನ ಮೂರು ಗಂಟೆಯ ಮೇಲೆ, ಬೆಳಿಗ್ಗೆ ಒಂಬತ್ತರ ಒಳಗೆ ಊರಬಾಗಿಲ ಒಳಗೆ ಇರುವಂತಿರಲಿಲ್ಲ ಅಂತ ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ ತಮ್ಮ 1932ರ ಗ್ರಂಥದಲ್ಲಿ ಬರೆದಿದ್ದಾರೆ. ಯಾಕೆ? ಆ ಹೊತ್ತಿನಲ್ಲಿ ನೆರಳು ಉದ್ದ. ಉದ್ದ ನೆರಳು ದೂರದಲ್ಲಿ ಹೋಗುವ ಬ್ರಾಹ್ಮಣನ ಮೇಲೆ ಬಿದ್ದೀತು, ಅವನು ಮೈಲಿಗೆಯಾದಾನು! ಸೊಂಟಕ್ಕೆ ಕಸಬರಿಗೆ, ಕೊರಳಿಗೆ ಉಗುಳಲು ಮಡಕೆ ಕಟ್ಟಿಕೊಂಡು ನಡೆಯಬೇಕಿದ್ದ ಅದೇ ಪುಣೆಯ ಕಥೆಯನ್ನು ಬಾಬಾಸಾಹೇಬರು 1936ರಲ್ಲಿ ಜಾತಿ ವಿನಾಶದ ಭಾಷಣದಲ್ಲಿ ಜಗತ್ತಿಗೆ ಹೇಳಿದರು.

ಸ್ವಾಮಿ, ಈಗ ನಾನು ಕಂಡದ್ದು ಕೇಳಿ. ಸಂಜೆ ಐದೂವರೆಯಿಂದ ಏಳರವರೆಗೆ ಆ ರೆಸಾರ್ಟಿನಲ್ಲಿ ಒಂದು ಆಜ್ಞೆ. ಕಸ ಗುಡಿಸುವವರು, ತೋಟದವರು, ಗಟಾರದವರು, ಪಾತ್ರೆಯವರು ಯಾರೂ ಕಡಲ ಕಡೆಗೆ ಕಾಣಬಾರದು. ಗೆಸ್ಟುಗಳು ಪಟ ತೆಗೆದುಕೊಳ್ಳುವ ಹೊತ್ತು, ನಡುವೆ ನಮ್ಮ ಮೈ ಬರಬಾರದು. ಬಂಗಾರದ ಬೆಳಕು ಅನ್ನುತ್ತಾರೆ ಅದಕ್ಕೆ. ನೆರಳು ಉದ್ದವಾಗಿ ಬಿದ್ದರೆ ಪಟ ಚೆಂದ ಬರುತ್ತದಂತೆ, ಅವರ ನೆರಳು. ಒಂದು ಸಂಜೆ ಮರೆತು ಬಕೆಟ್ ಹಿಡಿದು ಆ ಕಡೆ ಹಾದುಹೋದೆ. ಸೂಪರ್‌ವೈಸರ್ ಓಡಿಬಂದು ತೋಳು ಹಿಡಿದೆಳೆದ. ‘ನಿನ್ನ ನೆರಳು ಅವರ ಫೋಟೋದಾಗ ಬಿತ್ತಲ್ಲೋ!’ ಅಂದ. ಪಾಪ, ಅವನೂ ನಮ್ಮ ಬಾಗಲಕೋಟಿ ಕಡೆಯವನೇ, ಘುರ್ಯೆಯನ್ನು ಓದಿದವನಲ್ಲ. ನಾನು ಓದಿದ್ದೆ. ಅದಕ್ಕೇ ಆ ಮಾತು ನನಗೆ ತಾಗಿದಷ್ಟು ಅವನಿಗೆ ತಾಗಲಿಲ್ಲ. ಓದು ನಮಗೆ ಕೊಡುವ ಮೊದಲ ಸಂಬಳ ಈ ಉರಿ.

ರೆಸಾರ್ಟಿನಲ್ಲಿ ಯಾರೂ ಜಾತಿ ನೋಡಿ ಆ ಆಜ್ಞೆ ಹೊರಡಿಸಿಲ್ಲ, ಹೊಟ್ಟೆಕಿಚ್ಚಿನಿಂದ ಎಲ್ಲದಕ್ಕೂ ಜಾತಿ ಅಂಟಿಸುತ್ತೀರಿ ಅನ್ನುವವರಿದ್ದಾರೆ. ಒಳ್ಳೆಯದು. ಹಾಗಾದರೆ ಎಣಿಸಿ ನೋಡೋಣ. ಮುಂಬಾಗಿಲಲ್ಲಿ ಕೈಮುಗಿದು ನಿಲ್ಲುವವರು ಯಾರು? ಹಿಂಬಾಗಿಲಲ್ಲಿ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆಯುವವರು ಯಾರು? ಲೋಟ ಕೊಡುವ ಕೈ ಯಾವುದು, ಲೋಟ ತೊಳೆಯುವ ಕೈ ಯಾವುದು? ನಾನಿದ್ದ ಎರಡು ತಿಂಗಳಲ್ಲಿ ಹಿಂಬಾಗಿಲಿನ ಹದಿನಾರು ಮಂದಿಯಲ್ಲಿ ಹದಿಮೂರು ಮಂದಿ ನಮ್ಮ ಕೇರಿಗಳವರು, ತಾಂಡಾಗಳವರು. ಮುಂಬಾಗಿಲಲ್ಲಿ ಒಬ್ಬನೂ ಇರಲಿಲ್ಲ. ಜಾತಿಯನ್ನು ಯಾರೂ ಕೇಳಲಿಲ್ಲ, ನಿಜ. ಮೈಬಣ್ಣ ಕೇಳಿದರು, ಇಂಗ್ಲಿಷ್ ಕೇಳಿದರು, ಯಾರ ಪರಿಚಯ ಅಂತ ಕೇಳಿದರು. ಮೂರಕ್ಕೂ ಉತ್ತರ ಜಾತಿಯೇ ಬರೆದುಕೊಟ್ಟಿತು.

ಇನ್ನು ಕಡಲು ಯಾರದು ಅನ್ನುವ ಪ್ರಶ್ನೆ. ಆ ಹಾಳೆಯಲ್ಲಿ ‘ನಮ್ಮ ಸ್ವಂತ ಕಡಲತೀರ’ ಅನ್ನುವ ಅರ್ಥದ ಮಾತೊಂದಿದೆ. ಇದು ಶುದ್ಧ ಸುಳ್ಳು. ರೆಸಾರ್ಟು ಅನ್ನುವ ಪದವನ್ನು ನಾನು ಮೊದಲು ಓದಿದ್ದು ಹೋಟೆಲಿನ ಬೋರ್ಡಿನ ಮೇಲಲ್ಲ, ಸಂವಿಧಾನದಲ್ಲಿ. ಇಂಗ್ಲಿಷ್ ಪ್ರತಿಯ 15ನೇ ವಿಧಿ, ಎರಡನೇ ಖಂಡ. ಅಂಗಡಿ, ಹೋಟೆಲು, ಮನರಂಜನೆಯ ಸ್ಥಳಗಳಿಗೆ ಹೋಗಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಮತ್ತು ‘ಪಬ್ಲಿಕ್ ರೆಸಾರ್ಟ್’ ಬಳಸಲು ಯಾರಿಗೂ ಜಾತಿ, ಧರ್ಮ, ಲಿಂಗದ ಕಾರಣಕ್ಕೆ ತಡೆಯಿಲ್ಲ. ಸರ್ಕಾರದ ಹಣದಲ್ಲಿ ನಡೆಯುವ, ಇಲ್ಲವೆ ಜನರ ಬಳಕೆಗೆ ಬಿಟ್ಟ ಜಾಗ ಎಲ್ಲರದು. ಅಂದರೆ ಸಂವಿಧಾನದ ರೆಸಾರ್ಟು ಜನ ಕೂಡುವ ತಾಣ. ಅದೇ ಪದವನ್ನು ಕದ್ದು ಗೇಟು ಹಾಕಿ, ಗೇಟಿಗೆ ಕಾವಲಿಟ್ಟು, ಒಳಗಿನ ಖೋಲಿಗೆ ದರ ಬರೆದವರು ವ್ಯಾಪಾರಿಗಳು. ನಮ್ಮ ಪದವನ್ನು ನಮಗೆ ವಾಪಸ್ಸು ಕೊಡಿ!

ಆ ವಿಧಿ ಆಕಾಶದಿಂದ ಉದುರಿದ್ದಲ್ಲ. 1923ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಬೋಲೆಯವರ ಠರಾವು ಪಾಸಾಯಿತು, ಸಾರ್ವಜನಿಕ ಕೆರೆಬಾವಿ ಎಲ್ಲರಿಗೂ ಮುಕ್ತ ಅಂತ. ಕಾಗದದಲ್ಲಿ ಮುಕ್ತವಾದ ಕೆರೆಯ ನೀರನ್ನು ಮುಟ್ಟಲು 1927ರ ಮಾರ್ಚ್ 20ರಂದು ಬಾಬಾಸಾಹೇಬರೇ ಮಹಾಡಿನ ಚವದಾರ್ ಕೆರೆಗೆ ಇಳಿಯಬೇಕಾಯಿತು. ನೀರು ಮುಟ್ಟಿದ ಜನ ಹೊಡೆತ ತಿಂದರು. ಆ ಮಹಾಡೂ ಇದೇ ಕೊಂಕಣದ ಪಟ್ಟಿಯ ಊರು. ಅಲ್ಲಿ ಸಿಹಿನೀರಿಗೆ ನಡೆದ ಜಗಳ ಇಲ್ಲಿ ಉಪ್ಪುನೀರಿಗೆ ಬಂದು ನಿಂತಿದೆ.

ಕಾನೂನು ಇನ್ನೂ ಸ್ಪಷ್ಟವಾಗಿದೆ. 1991ರ ಕರಾವಳಿ ನಿಯಂತ್ರಣ ಅಧಿಸೂಚನೆಯ ಅನುಬಂಧದಲ್ಲೇ ಬರೆದಿದೆ: ಎರಡು ಹೋಟೆಲುಗಳ ನಡುವೆ ಜನ ಕಡಲಿಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ದಾರಿ ಬಿಡಬೇಕು, ಬೇಲಿ ಹಾಕಿದರೂ ಅದು ಜನರ ದಾರಿಗೆ ಅಡ್ಡಬರಬಾರದು. 1996ರ ಡಿಸೆಂಬರಿನಲ್ಲಿ, ಬಿಯಾಸ್ ನದಿಯ ದಂಡೆ ನುಂಗಿದ ಮೋಟೆಲಿನ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಹೇಳಿತು: ಗಾಳಿ, ಹರಿವ ನೀರು, ಕಾಡು, ಕಡಲ ದಂಡೆ ಸರ್ಕಾರ ಜನರ ಪರವಾಗಿ ಕಾಯಬೇಕಾದ ಸೊತ್ತು, ಒಬ್ಬನಿಗೆ ಬರೆದುಕೊಡುವ ಸೊತ್ತಲ್ಲ. ಗೋವೆಯಲ್ಲೇ, ಪಣಜಿಯ ಮಗ್ಗುಲಿನ ವಾಯಂಗಿಣಿ ಕಡಲತೀರದಲ್ಲಿ, ಒಂದು ದೊಡ್ಡ ಹೋಟೆಲು ಜನರ ದಾರಿಗೆ ಅಡ್ಡವಾಗಿ ಕಟ್ಟಡ ಎಬ್ಬಿಸಿತ್ತು. ವರ್ಷಗಟ್ಟಲೆ ನಡೆದ ಮೊಕದ್ದಮೆಯಲ್ಲಿ 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜನರ ಪರವಾಗಿ ನಿಂತಿತು, ಅಡ್ಡವಾದ ಭಾಗ ಕೆಡವಿ ಅಂದಿತು. ಆಮೇಲೇನಾಯಿತು ಗೊತ್ತೇ? ಅದೇ ವರ್ಷ ಗೋವೆ ಸರ್ಕಾರ ಭೂಸ್ವಾಧೀನ ಕಾಯ್ದೆಯನ್ನೇ ತಿದ್ದಿ ಕಟ್ಟಡದ ರಕ್ಷಣೆಗೆ ಓಡಿತು.

ಈಗ ಅದರ ಪಕ್ಕದಲ್ಲಿ ಇನ್ನೊಂದು ಕೆಡವುವಿಕೆ ಇಟ್ಟು ನೋಡಿ. ವಾಸ್ಕೋದ ಬಾಯ್ನಾ ಕಡಲತೀರ. ಅಲ್ಲಿ ಗುಡಿಸಲು ಹಾಕಿಕೊಂಡಿದ್ದವರಲ್ಲಿ ನಮ್ಮ ಕನ್ನಡದ ಬಡವರು ಬಹಳ. 2004ರ ಜೂನಿನಲ್ಲಿ, ಮಳೆಗಾಲ ಹಿಡಿದ ಮೇಲೆ, ಅಲ್ಲಿನ ಮೈಮಾರುವ ಹೆಣ್ಣುಮಕ್ಕಳ ಕೇರಿಯನ್ನು ಬುಲ್ಡೋಜರ್ ತಂದು ನೆಲಸಮ ಮಾಡಿದರು. 2017ರಲ್ಲಿ ಮತ್ತೆ ಬಂದು ಕನ್ನಡಿಗರ ಮನೆಗಳನ್ನು ಕೆಡವಿದರು. ಈ ಗುಡಿಸಲುಗಳಿಗೆ ಯಾವ ಸರ್ಕಾರವೂ ಕಾಯ್ದೆ ತಿದ್ದಲಿಲ್ಲ. ಕಡಲ ದಂಡೆಯ ಕಾನೂನು ನಕಾಶೆಯ ಮೇಲೆ ಎಲ್ಲರಿಗೂ ಒಂದೇ ಗೆರೆ. ನೆಲದ ಮೇಲೆ ಅದು ಗುಡಿಸಲಿನ ಹೊಟ್ಟೆಯ ಮೇಲೆ ಹಾಯುತ್ತದೆ, ಹೋಟೆಲಿನ ಅಂಗಳ ಬಂದಕೂಡಲೆ ಬಳಸಿಕೊಂಡು ಹೋಗುತ್ತದೆ. ಇಷ್ಟು ಸಾಲದು ಅಂತ 2019ರ ಹೊಸ ಅಧಿಸೂಚನೆ, ಜನದಟ್ಟಣೆಯ ಹಳ್ಳಿಗಾಡಿನ ಕರಾವಳಿಯಲ್ಲಿ ಕಟ್ಟಡ ಎಬ್ಬಿಸಬಾರದ ಪಟ್ಟಿಯನ್ನು ಉಬ್ಬರದ ಗೆರೆಯಿಂದ 200 ಮೀಟರಿನ ಬದಲು 50 ಮೀಟರಿಗೆ ಇಳಿಸಿತು. ಗಿರಾಕಿಯ ಲೋಟ ಅಲೆಗೆ ಇನ್ನೂ ಹತ್ತಿರ ಬರಲಿ ಅಂತ!

ಲೋಟದ ಮಾತು ಬಂತು. ಅದರಲ್ಲಿ ಏನಿದೆ? ಹಾಳೆಯಲ್ಲಿ ಮೊದಲು ಹೊಗಳಿದ್ದು ಫೆನಿ ಬೆರೆಸಿದ ಒಂದು ಪೇಯ. ಫೆನಿ ಗೇರುಹಣ್ಣು ತುಳಿದು, ರಸ ಹುಳಿಬರಿಸಿ, ಭಟ್ಟಿ ಇಳಿಸಿದ ಬಡವರ ಹೆಂಡ. ನಾತಕ್ಕೆ ಮೂಗು ಮುಚ್ಚುತ್ತಿದ್ದ ಮಂದಿಗೆ ಈಗ ಅದು ಪರಂಪರೆ. 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಬಿತ್ತು. ಆ ರೆಸಾರ್ಟಿನಲ್ಲಿ ಒಂದು ಲೋಟದ ಬೆಲೆ ನನ್ನ ಒಂದು ದಿನದ ಕೂಲಿಗಿಂತ ನೂರು ರೂಪಾಯಿ ಜಾಸ್ತಿ ಇತ್ತು. ಬಡವ ಕುಡಿದರೆ ಕುಡುಕ, ಉಳ್ಳವ ಕುಡಿದರೆ ಸೂರ್ಯಾಸ್ತ.

ಕುಡಿತವನ್ನು ನಾನು ಹೊಗಳುತ್ತಿಲ್ಲ. ನಮ್ಮ ಕೇರಿಯನ್ನು ಸಾರಾಯಿ ಹೇಗೆ ತಿಂದಿತು ಅಂತ ನನಗೆ ಪುಸ್ತಕ ಹೇಳಬೇಕಿಲ್ಲ, ಚಿಕ್ಕಪ್ಪನ ಫೋಟೋಕ್ಕೆ ಹಾಕಿದ ಹಾರ ಹೇಳುತ್ತದೆ. ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಅಂತ ದಲಿತ ಸಂಘರ್ಷ ಸಮಿತಿಯ ಅಣ್ಣಂದಿರು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಗೋವೆಯ ಗಡಿ ದಾಟಿದರೆ ಸಿಗುವ ನಮ್ಮ ಅಂಕೋಲೆಯ ಬಡಗೇರಿಯಲ್ಲಿ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡ ಇದ್ದರು. ಸಾವಿರಾರು ಹಾಡು ಎದೆಯಲ್ಲಿಟ್ಟುಕೊಂಡ ಅಜ್ಜಿ. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಪೇಟೆಯವರು ಅವರ ಹಾಡನ್ನು ಕೇಳಿಸಿಕೊಂಡರು, ಸಾರಾಯಿಯ ವಿರುದ್ಧ ಊರ ಹೆಂಗಸರನ್ನು ಕಟ್ಟಿಕೊಂಡು ಅವರು ಮಾಡಿದ ಹೋರಾಟವನ್ನು ಕೇಳಿಸಿಕೊಂಡವರು ಕಡಿಮೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ನಿಂತದ್ದು ಸಾರಾಯಿ, ಕುಡಿತವಲ್ಲ. ಬಡವನ ಕೈಗೆ ಅಗ್ಗದ ವಿಸ್ಕಿಯ ಪೊಟ್ಟಣ ಬಂತು, ಸರ್ಕಾರದ ಬೊಕ್ಕಸ ತುಂಬಿತು. ಅದೇ ಸುಕ್ರಜ್ಜಿಯ ಕರಾವಳಿಯಲ್ಲಿ ಇವತ್ತು ಸಂಜೆಯ ಲೋಟಕ್ಕೆ ಜಾಗ ಹುಡುಕುತ್ತ ಕಾರುಗಳು ಸಾಲುಗಟ್ಟುತ್ತವೆ. ಹಾಡು ಕಲಿಸಿದ ಮಣ್ಣಿನ ಮೇಲೆ ದಿಂಬು ಹಾಸುತ್ತಾರೆ.

ಕುಡಿದಾಯಿತು, ಇನ್ನು ಊಟ. ಊಟಕ್ಕೂ ಆಯ್ಕೆ: ವಿಸ್ವಣ, ಸಿಗಡಿ, ಏಡಿ, ಮೂರು ದೇಶದ ಅಡಿಗೆ, ಸಾಲಾಗಿ ಇಟ್ಟ ಇಪ್ಪತ್ತು ಹಂಡೆ. ನಮಗೆ ಹಿಂದಿನ ಶೆಡ್ಡಿನಲ್ಲಿ ಅನ್ನ, ನೀರಾದ ಬೇಳೆ. ಅದಕ್ಕೂ ತಕರಾರಿಲ್ಲ, ಕೇರಿಯ ನಾಲಿಗೆ ಅದು. ತಕರಾರು ಇರುವುದು ರಾತ್ರಿ ಹನ್ನೊಂದರ ಮೇಲೆ ನಡೆಯುವ ಕೆಲಸಕ್ಕೆ. ಉಳಿದ ಅನ್ನ, ಮೀನು, ಮಾಂಸ ಎಲ್ಲವನ್ನೂ ಡ್ರಮ್ಮಿಗೆ ಸುರಿದು, ಮೇಲೆ ನೆಲ ತೊಳೆಯುವ ಫಿನಾಯಿಲ್ ಹೊಯ್ಯಬೇಕು. ಹೊಯ್ಯುವವನು ಅಣ್ಣ. ಯಾಕೆ ಅಂತ ಕೇಳಿದೆ. ಕೆಲಸದವರಿಗೆ ತಿನ್ನಲು ಬಿಟ್ಟರೆ ನಾಳೆಯಿಂದ ಬೇಕಂತಲೇ ಹೆಚ್ಚು ಮಾಡಿ ಉಳಿಸುತ್ತಾರಂತೆ.

ನಮ್ಮ ಆಯಿ ಊರ ಮದುವೆಗಳ ಹಿಂದೆ ಬುಟ್ಟಿ ಹಿಡಿದು ನಿಂತವಳು. ಎಂಜಲೆಲೆಯ ಮೇಲೆ ಉಳಿದದ್ದನ್ನು ತಂದು, ಒಣಗಿಸಿ, ಮಳೆಗಾಲಕ್ಕೆ ಇಟ್ಟು ಮಕ್ಕಳನ್ನು ಬದುಕಿಸಿದವಳು. ಆ ಬುಟ್ಟಿಯನ್ನು ಅಪ್ಪ ಮುರಿದು ಒಲೆಗೆ ಹಾಕಿದ, ನಮ್ಮ ಮನೆಯ ಮೊದಲ ಬಂಡಾಯ ಅದು. ಎಂಜಲು ಕೊಡಿ ಅಂತ ನಾನು ಇಂದು ಕೇಳುತ್ತಿಲ್ಲ. ಯಾರೂ ಮುಟ್ಟದೆ ಹಂಡೆಯಲ್ಲೇ ಉಳಿದ ಬಿಸಿ ಅನ್ನದ ಮೇಲೆ ಫಿನಾಯಿಲ್ ಹೊಯ್ಯುವ ನಾಗರಿಕತೆಗೆ ಹೆಸರೇನು ಅಂತ ಕೇಳುತ್ತಿದ್ದೇನೆ. ಊರ ಗೌಡನಾದರೂ ಎಂಜಲು ಕೊಟ್ಟು ಅವಮಾನ ಮಾಡುತ್ತಿದ್ದ. ಇವರು ಅನ್ನಕ್ಕೇ ವಿಷವಿಟ್ಟು ಲೆಕ್ಕ ಸರಿಮಾಡುತ್ತಾರೆ.

ಈಗ ನಾಚಿಕೆಯ ಒಂದು ಸಂಗತಿ ಹೇಳಬೇಕು. ನಾನು ಲೋಟ ಎತ್ತುತ್ತಿದ್ದ ದಿನಗಳಲ್ಲಿ ಕನ್ನಡದ ಒಬ್ಬ ಹೆಸರಾಂತ ಪ್ರಗತಿಪರರು ಅಲ್ಲಿಗೆ ಬಂದಿದ್ದರು. ಅವರ ಕವಿತೆ ನಮಗೆ ಪಠ್ಯವಾಗಿತ್ತು. ಹಸಿವಿನ ಮೇಲೆ ಬರೆದ ಕವಿತೆ. ಅವರು ನಾಲ್ಕನೆಯ ಜಾಗವನ್ನೇ ಆರಿಸಿಕೊಂಡರು, ಹಗ್ಗದ ಒಳಗಿನದು. ಸೂರ್ಯ ಕಡಲಿಗೆ ಒಂದು ಗೇಣು ಇದ್ದಾಗ ಲಮಾಣಿ ಹೆಂಗಸೊಬ್ಬಳು ಮಣಿಸರ, ಕಸೂತಿ ಚೀಲ ತೋಳಿಗೆ ಹಾಕಿಕೊಂಡು ಹಗ್ಗದ ಹತ್ತಿರ ಬಂದಳು. ಗದಗ, ಕೊಪ್ಪಳ, ವಿಜಯಪುರದ ತಾಂಡಾಗಳಿಂದ ಹೊರಟು ಗೋವೆಯ ಉಸುಕಿನಲ್ಲಿ ಬದುಕು ಹುಡುಕುವ ಸಾವಿರ ಅಕ್ಕಂದಿರಲ್ಲಿ ಒಬ್ಬಳು. ಹಗ್ಗದ ಒಳಗಿನ ಮಾತು ಕೇಳಿ ಅವಳ ಮುಖ ಅರಳಿತು. ‘ಯಣ್ಣಾ, ನೀವು ನಮ್ಮ ಕಡೇ ಮಂದಿ! ಒಂದು ಸರಾ ತಗೋರಿ’ ಅಂದಳು. ಕಾವಲಿನವನು ಓಡಿಬಂದು ಕೋಲಿನಿಂದ ಅವಳ ಚೀಲ ತಿವಿದ. ಸರ ಉಸುಕಿಗೆ ಬಿತ್ತು. ಪ್ರಗತಿಪರರು ಕಡಲ ಕಡೆ ಮುಖ ತಿರುಗಿಸಿದರು. ‘ಎಂಥಾ ಬಣ್ಣ ನೋಡು’ ಅಂದರು ಜೊತೆಯವರಿಗೆ.

ಟ್ರೇ ಹಿಡಿದು ನಾನು ಅಲ್ಲೇ ನಿಂತಿದ್ದೆ. ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಹಿಂದಿನಿಂದ ಅಣ್ಣ, ‘ಸುಮ್ನಿರೋ ತಮ್ಮಾ’ ಅಂತ ಕಣ್ಣಲ್ಲೇ ಹೇಳಿದ. ಸುಮ್ಮನಿದ್ದೆ. ಬಿದ್ದ ಮಣಿ ಆರಿಸಿಕೊಡಲೂ ಬಗ್ಗಲಿಲ್ಲ. ಅವರ ಮೇಲೆ ಎಸೆಯುವ ಕಲ್ಲಿನಲ್ಲಿ ಒಂದು ನನ್ನ ಹಣೆಗೂ ಬೀಳಬೇಕು. ನಮ್ಮ ಕೇರಿಯಿಂದ ಓದಿ ಮೇಲೆ ಬಂದು, ಸಾಹೇಬರಾಗಿ, ಅದೇ ಅಟ್ಟದ ಮೇಲೆ ಕೂತು, ಲೋಟ ತಂದ ಹುಡುಗನ ಮುಖ ನೋಡದ ಅಣ್ಣಂದಿರಿದ್ದಾರಲ್ಲ, ಅವರಿಗೂ ಬೀಳಬೇಕು. ನೀವು ಅಲ್ಲಿ ಕೂತದ್ದು ತಪ್ಪಲ್ಲ. ಕೂರುವ ಹಕ್ಕಿಗಾಗಿಯೇ ಮಹಾಡ್ ನಡೆದದ್ದು. ಕೂತಮೇಲೆ ಹಗ್ಗ ಕಾಣದೆ ಹೋಯಿತಲ್ಲ, ಅದು ತಪ್ಪು.

ಇಷ್ಟು ಓದಿದವರು ಎರಡು ಮಾತು ಕೇಳುತ್ತಾರೆ, ಗೊತ್ತು. ಒಂದು, ಪ್ರವಾಸೋದ್ಯಮ ಇಲ್ಲದಿದ್ದರೆ ನಿನ್ನಣ್ಣ ಏನು ತಿನ್ನುತ್ತಿದ್ದ? ಇದೇ ಮಾತನ್ನು ಜೀತದ ಒಡೆಯರೂ ಕೇಳುತ್ತಿದ್ದರು, ನಾನು ಕೂಳು ಹಾಕದಿದ್ದರೆ ನೀನು ಎಲ್ಲಿರುತ್ತಿದ್ದಿ ಅಂತ. 1976ರಲ್ಲಿ ಜೀತ ನಿಷೇಧದ ಕಾಯ್ದೆ ಬಂತು, ಕೂಳು ಹಾಕುವವನಿಗೂ ಕಾನೂನು ಉಂಟು ಅಂತ ದೇಶ ಒಪ್ಪಿತು. ಅಣ್ಣನಿಗೆ ಕೆಲಸ ಬೇಕು. ಕೆಲಸದ ಜೊತೆಗೆ ನೇಮಕದ ಚೀಟಿ ಬೇಕು, ಪಿ.ಎಫ್. ಬೇಕು, ವಾರದ ರಜೆ ಬೇಕು, ಮಳೆಗಾಲದಲ್ಲಿ ಊರಿಗೆ ಅಟ್ಟದ ಭರವಸೆ ಬೇಕು.

ಎರಡನೆಯದು, ನಿನಗೆ ಚೆಲುವು ಕಂಡರೆ ಆಗದು. ಸುಳ್ಳು! ಎರಡು ತಿಂಗಳಲ್ಲಿ ಒಂದೇ ಒಂದು ದಿನ, ವಾರದ ರಜೆಯಲ್ಲಿ, ಅಣ್ಣ ನನ್ನನ್ನು ರೆಸಾರ್ಟಿನಿಂದ ಎರಡು ಮೈಲಿ ದೂರ, ಮೀನುಗಾರರು ದೋಣಿ ಎಳೆದಿಡುವ ದಂಡೆಗೆ ಕರಕೊಂಡು ಹೋಗಿದ್ದ. ಬಲೆಯ ಗುಪ್ಪೆಯ ಮೇಲೆ ಕೂತೆವು. ಕಾಗದದ ಪೊಟ್ಟಣದಲ್ಲಿ ಸುಟ್ಟ ಬಂಗಡೆ, ಎರಡು ಪಾವು. ಸೂರ್ಯ ಇಳಿಯಿತು. ಹುಟ್ಟಿದಂದಿನಿಂದ ಕಪ್ಪು ಎರೆಮಣ್ಣು ಕಂಡ ಕಣ್ಣಿಗೆ ಅಷ್ಟು ನೀರು, ಅಷ್ಟು ಬೆಂಕಿ. ಅಣ್ಣ, ‘ಅವ್ವನ್ನ ಒಂದು ಸಲ ಇಲ್ಲಿ ತಂದು ಕುಂದರಸಬೇಕು ನೋಡು’ ಅಂದ. ಚೆಲುವು ನನಗೆ ಗೊತ್ತು ಸ್ವಾಮಿ. ಗೊತ್ತಿರುವುದಕ್ಕೇ ಅದರ ಸುತ್ತಲಿನ ಹಗ್ಗ ಕಣ್ಣಿಗೆ ಚುಚ್ಚುತ್ತದೆ.

ಕೂರುವುದು ಸಣ್ಣ ಮಾತಲ್ಲ. ನಿಂತೇ ದುಡಿಯುವವನಿಗೆ ಬಿಡುವಾದಾಗ ಕೂರಲು ಪೀಠ ಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಅಂಗಡಿಗಳಲ್ಲಿ ಹತ್ತು ಹನ್ನೆರಡು ತಾಸು ನಿಲ್ಲುವ ಹೆಣ್ಣುಮಕ್ಕಳು ಕೇರಳದಲ್ಲಿ ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾನೂನು ಮಾಡಿಸಿಕೊಂಡರು. 2021ರಲ್ಲಿ ತಮಿಳುನಾಡು ಹಾಗೆಯೇ ಮಾಡಿತು. ಆ ರೆಸಾರ್ಟಿನಲ್ಲಿ ನೂರಾರು ಕುರ್ಚಿ, ದಿಂಬು, ತೂಗುಮಂಚ ಇವೆ. ಲೋಟ ತೊಳೆಯುವ ಜಾಗದಲ್ಲಿ ಒಂದು ಮಣೆಯಿಲ್ಲ.

ನಾವು ಕೇಳುವುದು ಹೆಚ್ಚೇನಿಲ್ಲ. ಕಡಲಿಗೆ ಹೋಗುವ 20 ಮೀಟರಿನ ದಾರಿ ತೆಗೆಯಿರಿ, ಬೋರ್ಡು ಹಾಕಿ, ಕನ್ನಡ ಕೊಂಕಣಿ ಎರಡರಲ್ಲೂ. ಉಸುಕಿನ ಮೇಲಿನ ಹಗ್ಗ ಬಿಚ್ಚಿ. ಮಣಿ ಮಾರುವ ಅಕ್ಕನಿಗೆ ಕೋಲಿನ ಬದಲು ಲೈಸೆನ್ಸು ಕೊಡಿ. ದುಡಿಯುವವನಿಗೆ ಕೂರಲು ಜಾಗ, ಗಿರಾಕಿ ಉಣ್ಣುವ ಅನ್ನದಲ್ಲೇ ಊಟ. ಸಂಜೆ ಹದಿನೈದು ನಿಮಿಷ ಬಿಡುವು, ನೆರಳು ಎಲ್ಲಿ ಬೇಕಾದರೂ ಬೀಳಲಿ. ಅಲ್ಲಿಗೆ ಹೋಗುವ ಕನ್ನಡದ ಬಂಧುಗಳಿಗೂ ಒಂದು ಮಾತು. ಜಾಗ ಆರಿಸುವ ಮುಂಚೆ ಕೇಳಿ: ಲೋಟ ತೊಳೆಯುವವನು ಎಲ್ಲಿ ಕೂರುತ್ತಾನೆ? ಉಳಿದ ಅನ್ನ ಎಲ್ಲಿಗೆ ಹೋಗುತ್ತದೆ? ಊರ ಜನ ಕಡಲಿಗೆ ಯಾವ ದಾರಿಯಿಂದ ಬರುತ್ತಾರೆ? ಉತ್ತರ ಸಿಗದಿದ್ದರೆ ಎದ್ದು ಬನ್ನಿ. ಗೇಟಿನ ಆಚೆಯೂ ಅದೇ ಸೂರ್ಯ ಮುಳುಗುತ್ತದೆ.

ಐನೂರು ರೂಪಾಯಿ ವಾಪಸ್ಸು ಕೊಟ್ಟೆ. ಕನ್ನಡದಲ್ಲಿ ಅಂಥಾ ಪದಗಳು ನನಗೆ ಬರುವುದಿಲ್ಲ ಅಂದೆ. ಮ್ಯಾನೇಜರು ನಕ್ಕರು, ಬೇರೆ ಯಾರಾದರೂ ಬರೆಯುತ್ತಾರೆ ಬಿಡು ಅಂದರು. ಬರೆಯುತ್ತಾರೆ. ಚೆಂದವಾಗಿಯೇ ಬರೆಯುತ್ತಾರೆ.

ಆ ರಾತ್ರಿ ಖೋಲಿಯಲ್ಲಿ ಕೂತು ಅವರ ಹಾಳೆಯ ಬೆನ್ನಿಗೇ ಈ ಲೇಖನ ಶುರುಮಾಡಿದೆ. ಏಳನೇ ಇಯತ್ತೆ ಕಲಿತ ಅಣ್ಣ, ಕೆಲಸ ಮುಗಿಸಿ ಬಂದು, ಫಿನಾಯಿಲ್ ವಾಸನೆಯ ಬೆರಳಲ್ಲಿ ಸಾಲು ಹಿಡಿದು ನಿಧಾನ ಓದಿದ. ‘ನನ್ನ ಹೆಸರು ಹಾಕಬ್ಯಾಡ’ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ:

‘ನಮ್ಮ ಖೋಲಿಗೆ ಪಡುವಣದ ಕಡೆ ಒಂದು ಕಿಟಕಿ ಬೇಕು ಅಂತನೂ ಬರಿ.’

ಬರೆದಿದ್ದೇನೆ ಅಣ್ಣಾ.